ಆಟದ ಸಾಮಾನಿಗೆ ಗಟ್ಟಿ ಬೀಗ: ಕಳ್ಳನಿಗೂ ಮಲೆನಾಡಿನ ಮಳೆಗೂ ತಡೆಯುವ ಹಾಗೆ ಮಾಡಿಕೊಳ್ಳುವುದು ಹೇಗೆ?

ಊರಿನ ಕ್ರಿಕೆಟ್ ತಂಡದ ಕಿಟ್ ಸಾಮಾನ್ಯವಾಗಿ ಎಲ್ಲಿರುತ್ತದೆ? ಯುವಕ ಸಂಘದ ಕೋಣೆಯಲ್ಲಿ, ಶಾಲೆ ಜಗಲಿಯ ಮೂಲೆಯಲ್ಲಿ, ಇಲ್ಲವೇ ರಂಗಮಂದಿರದ ಹಿಂದೆ ಶಾಮಿಯಾನ ತುಂಬುವ ಜಾಗದಲ್ಲಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎಷ್ಟೋ ಊರುಗಳಲ್ಲಿ ಮೈದಾನ ಒಂದು ಕಡೆ, ಮನೆಗಳು ತೋಟದ ನಡುವೆ ಇನ್ನೊಂದು ಕಡೆ. ಕತ್ತಲಾದ ಮೇಲೆ ಆ ಕಡೆ ಯಾರೂ ಸುಳಿಯುವುದಿಲ್ಲ. ಶಿವಮೊಗ್ಗ ಪೇಟೆಯಲ್ಲಿ ಜನ ಓಡಾಡುತ್ತಾರೆ ನಿಜ, ಆದರೆ ಯಾರ ಸಾಮಾನನ್ನು ಯಾರು ಎತ್ತಿಕೊಂಡು ಹೋಗುತ್ತಿದ್ದಾರೆ ಅಂತ ಯಾರೂ ಕೇಳುವುದಿಲ್ಲ. ಎರಡು ಬ್ಯಾಟು, ಒಂದು ಜೊತೆ ಪ್ಯಾಡು, ಒಂದು ಹೆಲ್ಮೆಟ್ ಹೋದರೆ ತಂಡ ಎತ್ತಿದ ಚಂದಾ ಪೂರ್ತಿ ಹೋದಂತೆ.

ಇಂಥದ್ದು ಒಂದು ಸಲ ಆದ ಮೇಲೆ ಎಲ್ಲರೂ ಮಾಡುವ ಕೆಲಸ ಅಂದರೆ ಅಂಗಡಿಗೆ ಹೋಗಿ ಇನ್ನೂ ದೊಡ್ಡ ಬೀಗ ತರುವುದು. ಆ ದೊಡ್ಡ ಬೀಗವನ್ನು ಮತ್ತೆ ಅದೇ ಹಳೆಯ ತಗಡಿನ ಪಟ್ಟಿಗೆ ಹಾಕುತ್ತಾರೆ. ಕಳ್ಳ ಬೀಗದ ತಂಟೆಗೇ ಹೋಗುವುದಿಲ್ಲ. ಪಟ್ಟಿಗೆ ಹಾರೆ ಕೊಟ್ಟು ಮೀಟುತ್ತಾನೆ, ಬೀಗ ಪಟ್ಟಿ ಸಮೇತ ಕೆಳಗೆ ಬೀಳುತ್ತದೆ. ಹಾಗಾಗಿ ಈ ಲೇಖನದಲ್ಲಿ ಬೀಗದ ಹೊಟ್ಟೆಯೊಳಗೆ ಕೈ ಹಾಕುವ ಕೆಲಸ ಇಲ್ಲ. ಬೀಗದ ಸುತ್ತ ಏನು ಮಾಡಬೇಕು, ಅದನ್ನು ಯಾವುದಕ್ಕೆ ಕಟ್ಟಬೇಕು, ಮಳೆಗಾಲದಲ್ಲಿ ಅದು ಸಾಯದ ಹಾಗೆ ಹೇಗೆ ನೋಡಿಕೊಳ್ಳಬೇಕು, ಇಷ್ಟೇ.

ಮುಂದೆ ಗೊಂದಲ ಆಗದಿರಲಿ ಅಂತ ಮೊದಲೇ ಹೇಳಿಬಿಡುತ್ತೇನೆ. ಬೀಗದ ಮೇಲಿನ ಬಾಗಿದ ಸರಳಿಗೆ ಇಲ್ಲಿ ಕೊಂಡಿ ಅನ್ನುತ್ತೇನೆ. ಆ ಕೊಂಡಿ ತೂರುವ, ಪೆಟ್ಟಿಗೆಗೋ ಬಾಗಿಲಿಗೋ ಸೇರಿದ ತೂತಿನ ತುಂಡಿಗೆ ಕಿವಿ.

ಎಂಥ ಬೀಗ ತರಬೇಕು

ಹೊರಗೆ ಹಾಕುವ ಬೀಗಕ್ಕೆ ನಾನು ನೋಡುವುದು ಮೂರು ವಿಷಯ. ಕೊಂಡಿ ಹದ ಹಾಕಿದ ಉಕ್ಕಿನದ್ದಾಗಿರಬೇಕು. ಅದರ ಮೇಲೆ ಸಾಧಾರಣವಾಗಿ 'ಹಾರ್ಡನ್ಡ್' ಅಂತ ಕೊರೆದಿರುತ್ತಾರೆ. ಅನುಮಾನ ಇದ್ದರೆ ಮನೆಗೆ ತಂದ ಮೇಲೆ, ಕಾಣದ ಜಾಗದಲ್ಲಿ ಹಳೇ ಅರದಿಂದ ಒಂದು ಸಲ ಉಜ್ಜಿ ನೋಡಿ. ಅರ ಜಾರಿದರೆ ಹದ ಇದೆ, ಕಚ್ಚಿ ಪುಡಿ ಬಂದರೆ ಮೆತ್ತನೆ ಕಬ್ಬಿಣ. ಮೇಲಿನ ಹೊಳಪಿನ ಲೇಪ ಅರಕ್ಕೆ ಕಿತ್ತು ಬರುತ್ತದೆ, ಅದನ್ನು ನೋಡಿ ಮೋಸ ಹೋಗಬೇಡಿ. ಅದರ ಕೆಳಗೆ ಏನಾಗುತ್ತದೆ ಅನ್ನುವುದು ಮುಖ್ಯ.

ಎರಡನೆಯದು, ಕೊಂಡಿಯ ಎರಡೂ ಕಾಲು ಒಳಗೆ ಹಿಡಿದುಕೊಳ್ಳುವ ಬೀಗ ಆಗಿರಬೇಕು. ಅಗ್ಗದ ಬೀಗಗಳಲ್ಲಿ ಒಂದೇ ಕಾಲಿಗೆ ಹಿಡಿತ ಇರುತ್ತದೆ. ಕೊಂಡಿಯ ಎರಡೂ ಕಾಲಿನ ಒಳಬದಿಯಲ್ಲಿ ಕಚ್ಚು ಇದೆಯಾ ಅಂತ ನೋಡಿದರೆ ಗೊತ್ತಾಗುತ್ತದೆ.

ಮೂರನೆಯದನ್ನು ಯಾರೂ ಯೋಚಿಸುವುದಿಲ್ಲ. ಒತ್ತಿದರೆ ತಾನೇ ಬೀಳುವ ಬೀಗ ಬೇಕಾ, ಕೀ ತಿರುಗಿಸಿದರೆ ಮಾತ್ರ ಬೀಳುವ ಬೀಗ ಬೇಕಾ? ಹತ್ತು ಹುಡುಗರು ಬಳಸುವ ಪೆಟ್ಟಿಗೆಗೆ ಎರಡನೆಯದೇ ಒಳ್ಳೆಯದು. ಒತ್ತುವ ಬೀಗ ಆದರೆ, ಕೀ ಒಳಗೆ ಪ್ಯಾಡಿನ ಜೊತೆ ಇರುತ್ತದೆ, ಯಾರೋ ಒಬ್ಬ ಹೊರಗಿಂದ ಒತ್ತಿ ಮುಗಿಸಿರುತ್ತಾನೆ. ಭಾನುವಾರ ಬೆಳಿಗ್ಗೆ ಎದುರಾಳಿ ತಂಡ ವ್ಯಾನಿನಿಂದ ಇಳಿಯುವ ಹೊತ್ತಿಗೆ ನೀವು ವೆಲ್ಡಿಂಗ್ ಅಂಗಡಿಯವನ ಮನೆ ಹುಡುಕುತ್ತಿರುತ್ತೀರಿ.

ನಂಬರ್ ಬೀಗದ ಬಗ್ಗೆಯೂ ಕೇಳುತ್ತಾರೆ. ಮೂರು ಚಕ್ರದ ಬೀಗದಲ್ಲಿ ಸಾಧ್ಯವಿರುವ ಸಂಖ್ಯೆ ಸಾವಿರ ಮಾತ್ರ. ಬಸ್ಸಿಗೆ ಕಾಯುತ್ತಾ ಕೂತವನಿಗೆ ಒಂದು ಸಂಜೆ ಸಾಕು. ನಾಲ್ಕು ಚಕ್ರವಾದರೆ ಹತ್ತು ಸಾವಿರ, ಅದು ಪರವಾಗಿಲ್ಲ. ಆದರೆ ಚಕ್ರದ ಸಂದಿಗೆ ಕೆಂಪು ಮಣ್ಣು ಹೋದರೆ ತಿರುಗಿಸುವುದೇ ಕಷ್ಟ. ಒಳಗಿನ ಕೋಣೆಗೆ ಸರಿ, ಮೈದಾನದ ಅಂಚಿಗೆ ಬೇಡ.

ಬೀಗಕ್ಕೆ ಮಾಡಬಾರದ್ದು

ಕೊಂಡಿ ಗಿಡ್ಡ ಆಯಿತು ಅಂತ ಅದಕ್ಕೆ ಸರಳು ಬೆಸೆದು ಉದ್ದ ಮಾಡುವವರು ಇದ್ದಾರೆ. ತೂತಿಗೆ ತೂರುವುದಿಲ್ಲ ಅಂತ ಕಾಯಿಸಿ ಬಗ್ಗಿಸುವವರೂ ಇದ್ದಾರೆ. ಎರಡೂ ತಪ್ಪು. ಉಕ್ಕಿಗೆ ಹದ ಬರುವುದು ಅದನ್ನು ಕೆಂಪಗೆ ಕಾಯಿಸಿ ಥಟ್ಟನೆ ತಣಿಸುವುದರಿಂದ. ಅದೇ ಉಕ್ಕಿಗೆ ಮತ್ತೆ ಬೆಂಕಿ ಕೊಟ್ಟು ನಿಧಾನವಾಗಿ ಆರಲು ಬಿಟ್ಟರೆ ಹದ ಇಳಿದುಹೋಗುತ್ತದೆ. ವೆಲ್ಡಿಂಗ್ ಮಾಡಿದ ಅಕ್ಕಪಕ್ಕ ಕೊಂಡಿ ನೀಲಿ ಬಣ್ಣಕ್ಕೆ ತಿರುಗಿದ್ದರೆ ಅಲ್ಲಿ ಹದ ಹೋಗಿದೆ ಅಂತಲೇ ಅರ್ಥ. ಮೇಲಿಂದ ಮೊದಲಿಗಿಂತ ದಪ್ಪಗೆ ಕಾಣುತ್ತದೆ, ಹ್ಯಾಕ್ಸಾ ಬ್ಲೇಡು ಸಲೀಸಾಗಿ ಇಳಿಯುತ್ತದೆ. ಹದ ಇರುವ ಕೊಂಡಿಯನ್ನು ತಣ್ಣಗೇ ಬಗ್ಗಿಸಲು ಹೋದರೆ ಪಟ್ ಅಂತ ಮುರಿಯುತ್ತದೆ.

ಬೀಗದ ಮೈಗೆ ಡ್ರಿಲ್ ಹಾಕುವುದೂ ಬೇಡ. ಒಳಗೆ ಲಿವರ್ ಅಥವಾ ಪಿನ್ನು, ಸ್ಪ್ರಿಂಗು ಎಲ್ಲಿವೆ ಅಂತ ಹೊರಗಿಂದ ಕಾಣುವುದಿಲ್ಲ. ಕೊಂಡಿ ದಪ್ಪ ಆಯಿತಾ? ಕಿವಿಯ ತೂತು ದೊಡ್ಡದು ಮಾಡಿ. ಕೊಂಡಿ ಗಿಡ್ಡ ಆಯಿತಾ? ಉದ್ದ ಕೊಂಡಿಯ ಬೀಗವೇ ಸಿಗುತ್ತದೆ, ಅದನ್ನು ತನ್ನಿ. ಬದಲಾಯಿಸುವುದಿದ್ದರೆ ಬೀಗದ ಆಚೆ ಇರುವುದನ್ನು ಬದಲಾಯಿಸಿ.

ಕೊಂಡಿಗೆ ಪೈಪಿನ ಬಳೆ

ಇದು ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ. ಉದ್ದ ಕೊಂಡಿಯ ಬೀಗದಲ್ಲಿ ಸರಳು ಜಾಸ್ತಿ ಹೊರಗೆ ಕಾಣುತ್ತದೆ. ಕಟ್ಟರು, ಬ್ಲೇಡು ಎರಡಕ್ಕೂ ಅದೇ ಜಾಗ ಬೇಕು. ಅದನ್ನು ಮುಚ್ಚಿಬಿಡಬೇಕು.

ಅರ್ಧ ಇಂಚಿನ ಜಿಐ (ಸತು ಲೇಪದ ಕಬ್ಬಿಣ) ಪೈಪಿನ ಒಂದು ಗೇಣು ತುಂಡು ಗುಜರಿ ಅಂಗಡಿಯಲ್ಲೋ ಪ್ಲಂಬರ್ ಹತ್ತಿರವೋ ಸಿಗುತ್ತದೆ. ಅದರ ಒಳಗಿನ ಅಗಲ ಸುಮಾರು 16 ಮಿಲಿಮೀಟರ್, ಹೊರಗಿನದು ಸುಮಾರು 21. ಹತ್ತು ಮಿಲಿಮೀಟರ್ ಕೊಂಡಿ ಅದರೊಳಗೆ ಸಡಿಲವಾಗಿ ಕೂರುತ್ತದೆ. ಸಡಿಲ ಇರುವುದೇ ನಮಗೆ ಬೇಕಾದ್ದು. ಪೈಪನ್ನು ಹ್ಯಾಕ್ಸಾದಿಂದ ಒಂದೊಂದು ಬೆರಳಿನ ಅಗಲಕ್ಕೆ ಕತ್ತರಿಸಿ. ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಇಲ್ಲದಿದ್ದರೆ ಬೀಗ ಹಾಕುವವನ ಬೆರಳು ಕುಯ್ಯುತ್ತದೆ. ಬೀಗ ತೆರೆದು, ಈ ಬಳೆಗಳನ್ನು ಮಣಿ ಪೋಣಿಸಿದ ಹಾಗೆ ಕೊಂಡಿಗೆ ತೂರಿಸಿ. ತುಂಡು ಚಿಕ್ಕದಿರುವುದರಿಂದ ಬಾಗಿದ ಜಾಗವನ್ನೂ ದಾಟಿ ಆಚೆ ಕಾಲಿಗೆ ಹೋಗುತ್ತವೆ. ಆಮೇಲೆ ಕೊಂಡಿಯನ್ನು ಕಿವಿಗೆ ತೂರಿಸಿ, ಈಚೆ ಕಾಲಿಗೂ ಬಳೆ ಹಾಕಿ, ಬೀಗ ಹಾಕಿ.

ಈಗ ಬ್ಲೇಡು ಇಟ್ಟು ಎಳೆದರೆ ಬಳೆ ಬ್ಲೇಡಿನ ಜೊತೆ ತಾನೂ ತಿರುಗುತ್ತದೆ. ಬ್ಲೇಡಿಗೆ ಕಚ್ಚಲು ನಿಂತ ಜಾಗ ಸಿಗುವುದಿಲ್ಲ. ಕೈಯಲ್ಲಿ ಹಿಡಿಯುವ ಸಣ್ಣ ಕಟ್ಟರಿನ ಬಾಯಿ ಅಷ್ಟು ಅಗಲ ತೆರೆಯುವುದೂ ಇಲ್ಲ.

ಎಷ್ಟು ಬಳೆ ಅಂತ ಲೆಕ್ಕ ಹಾಕುವಾಗ ಒಂದು ಎಚ್ಚರ. ಎಲ್ಲ ಸೇರಿ ಕೊಂಡಿಗೆ ಬಿಗಿಯಾದರೆ ಬೀಗ ಪೂರ್ತಿ ಕೂರುವುದಿಲ್ಲ. ಬಿದ್ದ ಹಾಗೆ ಕಾಣುತ್ತದೆ, ಎಳೆದರೆ ಬರುತ್ತದೆ. ನಾಲ್ಕೈದು ಮಿಲಿಮೀಟರ್ ಖಾಲಿ ಬಿಡಿ, ಹಾಕಿದ ಮೇಲೆ ಪ್ರತಿ ಸಲ ಒಮ್ಮೆ ಜಗ್ಗಿ ನೋಡಿ. ಕೊಂಡಿಯ ಎರಡು ಕಾಲಿನ ನಡುವೆ ಜಾಗ ಕಡಿಮೆ ಇದ್ದರೆ ಒಂದೇ ಕಾಲಿಗೆ ಹಾಕಿ.

ಇದರಲ್ಲೊಂದು ತಾಪತ್ರಯ ಇದೆ. ಬೀಗ ತೆಗೆದಾಗ ಬಳೆಗಳು ಉದುರಿ ಹುಲ್ಲಿಗೆ ಬೀಳುತ್ತವೆ, ಮಳೆಗಾಲದಲ್ಲಂತೂ ಕೆಸರಿಗೆ. ಈಚೆ ಕಾಲಿಗೆ ಚೂರು ಚೂರು ಬಳೆ ಬಿಟ್ಟು ಒಂದೇ ಉದ್ದ ತುಂಡು ಹಾಕಿ, ಅದಕ್ಕೆ ಸಣ್ಣ ತೂತು ಕೊರೆದು ನೈಲಾನ್ ದಾರದಲ್ಲಿ ಪೆಟ್ಟಿಗೆಗೆ ಕಟ್ಟಿದರೆ ಕಳೆಯುವುದು ಕಮ್ಮಿ. ನಾಲ್ಕು ಬಳೆ ಜಾಸ್ತಿಯೇ ಕತ್ತರಿಸಿ ಇಟ್ಟುಕೊಳ್ಳಿ.

ಪೆಟ್ಟಿಗೆಗೆ ಎರಡು ಕಿವಿ, ಒಂದು ಗೂಡು

ಒಂದೇ ಕೆಲಸ ಮಾಡಿಸಲು ದುಡ್ಡಿದೆ ಅಂದರೆ ಇದನ್ನೇ ಮಾಡಿಸಿ. ಕಳ್ಳನನ್ನೂ ಮಳೆಯನ್ನೂ ಇದೊಂದೇ ತಡೆಯುತ್ತದೆ.

ಮಾಮೂಲಿ ಪೆಟ್ಟಿಗೆಯಲ್ಲಿ ಮುಚ್ಚಳದಿಂದ ಒಂದು ಪಟ್ಟಿ ಕೆಳಗೆ ಬಂದು ಕಿವಿಯ ಮೇಲೆ ಕೂರುತ್ತದೆ. ಪಟ್ಟಿಯನ್ನು ಹಿಡಿದಿರುವುದು ಎರಡು ರಿವೆಟ್ಟು ಅಥವಾ ನಾಲ್ಕು ಸ್ಕ್ರೂ. ಅದನ್ನು ಪೂರ್ತಿ ಕಿತ್ತು ಹಾಕಿಸಿ. ಅದರ ಬದಲು ಆರು ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿಯ ಎರಡು ತುಂಡು ಬೇಕು. ಒಂದು ತುಂಡು ಮುಚ್ಚಳದ ಮುಂದಿನ ಅಂಚಿಗೆ, ಇನ್ನೊಂದು ಪೆಟ್ಟಿಗೆಯ ಮೈಗೆ, ಎರಡೂ ಮುಂದಕ್ಕೆ ಚಾಚಿಕೊಂಡು ಕಿವಿಯ ಹಾಗೆ. ಮುಚ್ಚಳ ಹಾಕಿದಾಗ ಎರಡು ಕಿವಿ ಮೈಗೆ ಮೈ ತಾಗಿ ಅಕ್ಕಪಕ್ಕ ನಿಲ್ಲಬೇಕು. ತೂತನ್ನು ಬೇರೆ ಬೇರೆ ಕೊರೆಯಬೇಡಿ. ಬೆಸೆದ ಮೇಲೆ, ಮುಚ್ಚಳ ಮುಚ್ಚಿ, ಎರಡಕ್ಕೂ ಸೇರಿಸಿ ಒಂದೇ ಸಲ ಡ್ರಿಲ್ ಹಾಕಿಸಿ. ಹತ್ತು ಮಿಲಿಮೀಟರ್ ಕೊಂಡಿಗೆ ಹನ್ನೆರಡರ ತೂತು ಸಾಕು.

ಇಲ್ಲಿ ಪೆಟ್ಟಿಗೆಯ ತಗಡು ಎಷ್ಟು ದಪ್ಪ ಅನ್ನುವುದು ಮುಖ್ಯ. ಮದುವೆಗೆ ಕೊಡುತ್ತಿದ್ದ ಹಳೆಯ ಟ್ರಂಕು ಆದರೆ ತಗಡು ತುಂಬಾ ತೆಳು, ವೆಲ್ಡಿಂಗ್ ಕಡ್ಡಿ ತಾಗಿದರೆ ತೂತು ಬೀಳುತ್ತದೆ. ಆಗ ಒಳಗಡೆ ಮೂರು ಮಿಲಿಮೀಟರ್ ದಪ್ಪದ ಕಬ್ಬಿಣದ ಹಲಗೆ ಕೊಟ್ಟು, ಕಿವಿಯನ್ನು ಬೋಲ್ಟಿನಿಂದ ಕೂರಿಸಬೇಕು. ಬೋಲ್ಟಿನ ಗುಂಡು ತಲೆ ಹೊರಗೆ, ನಟ್ಟು ಒಳಗೆ. ಗುಂಡು ತಲೆಗೆ ಸ್ಪ್ಯಾನರ್ ಹಿಡಿಯುವುದಿಲ್ಲ, ಸ್ಕ್ರೂ ಡ್ರೈವರೂ ಕೂರುವುದಿಲ್ಲ. ಆದರೆ ಅಷ್ಟು ತೆಳು ತಗಡಿಗೆ ಇಷ್ಟೆಲ್ಲ ಖರ್ಚು ಮಾಡುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಪಕ್ಕದಿಂದ ತಗಡನ್ನೇ ಕುಯ್ಯಬಹುದಲ್ಲ. ನಾಲ್ಕು ಜನ ಸೇರಿ ದಪ್ಪ ತಗಡಿನ ಪೆಟ್ಟಿಗೆಯನ್ನೇ ಮಾಡಿಸುವುದು ವಾಸಿ. ಶಿವಮೊಗ್ಗದವರಾದರೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಒಂದು ಸುತ್ತು ಹಾಕಿ ಬನ್ನಿ. ಲಾರಿ ಬಾಡಿ ಕೆಲಸ ಮಾಡುವವರ ಹತ್ತಿರ ದಪ್ಪ ತಗಡಿನ ಚೂರುಗಳು ಉಳಿದಿರುತ್ತವೆ.

ಇನ್ನು ಗೂಡು. ಎರಡು ಕಿವಿಯ ಸುತ್ತ, ಪೆಟ್ಟಿಗೆಯ ಮೈಗೆ ಮೂರು ಬದಿಯ ಒಂದು ಮರೆ ಬೆಸೆಸಬೇಕು: ಎಡ, ಬಲ, ಮುಂದೆ. ಕೆಳಗೆ ತೆರೆದಿರಬೇಕು. ಮೇಲೆ, ಮುಚ್ಚಳದ ಕಿವಿ ಇಳಿಯುವಷ್ಟು ಸಂದಿ ಬಿಟ್ಟು, ಆ ಸಂದಿಯನ್ನು ಮುಚ್ಚಳದ ಅಂಚೇ ಮುಂದೆ ಬಂದು ಮುಚ್ಚಿಕೊಳ್ಳುವ ಹಾಗೆ ಮಾಡಿಸಿ. ಆಗ ಬೀಗ ಹೊರಗೆ ಕಾಣುವುದೇ ಇಲ್ಲ. ಕೆಳಗಿಂದ ಕೈ ಹಾಕಿ ಹಾಕಬೇಕು, ಕೆಳಗಿಂದಲೇ ತೆಗೆಯಬೇಕು. ಸುತ್ತಿಗೆ ಬೀಸಲು, ಹಾರೆ ತೂರಿಸಲು, ಉದ್ದ ಹಿಡಿಯ ಕಟ್ಟರು ತರಲು ಜಾಗವೇ ಉಳಿಯುವುದಿಲ್ಲ. ಮೇಲಿಂದ ಬೀಳುವ ಮಳೆ ನೀರೂ ಬೀಗಕ್ಕೆ ತಾಗುವುದಿಲ್ಲ.

ಅಳತೆಯಲ್ಲಿ ಎಡವುವುದು ಇಲ್ಲೇ. ಗೂಡು ಚಿಕ್ಕದಾದರೆ ನಿಮ್ಮ ಕೈಯೇ ಹೋಗುವುದಿಲ್ಲ, ದೊಡ್ಡದಾದರೆ ಕಳ್ಳನ ಕಟ್ಟರು ಹೋಗುತ್ತದೆ. ಮೊದಲು ರಟ್ಟಿನಲ್ಲಿ ಮಾಡಿ ನೋಡಿ. ಚಪ್ಪಲಿ ಡಬ್ಬದ ರಟ್ಟು ಸಾಕು. ಬೀಗವನ್ನು ಕಿವಿಗೆ ನೇತುಹಾಕಿ, ಎರಡು ಪಕ್ಕಕ್ಕೂ ಒಂದೊಂದು ಬೆರಳು ಜಾಗ ಬಿಟ್ಟು ರಟ್ಟು ಮಡಚಿ ಅಂಟಿಸಿ. ಬೀಗದ ತಳಕ್ಕಿಂತ ಗೂಡಿನ ಅಂಚು ಎರಡು ಬೆರಳು ಕೆಳಗಿರಲಿ. ಈಗ ತಂಡದಲ್ಲಿ ದೊಡ್ಡ ಕೈ ಇರುವವನನ್ನು ಕರೆದು ಬೀಗ ತೆಗೆಯಲು ಹೇಳಿ. ಅವನಿಗೆ ಬಂದರೆ ಎಲ್ಲರಿಗೂ ಬರುತ್ತದೆ. ಕೀ ತಿರುಗಿಸಲು ಜಾಗ ಸಾಕಾಗುತ್ತದಾ ಅಂತ ಮುಖ್ಯವಾಗಿ ನೋಡಿ. ಅದು ಸರಿ ಬಂದ ಮೇಲೆ ರಟ್ಟನ್ನೇ ಮಾದರಿ ಅಂತ ವೆಲ್ಡಿಂಗ್ ಅಂಗಡಿಗೆ ಕೊಡಿ. ಗೂಡಿಗೆ ಮೂರು ಮಿಲಿಮೀಟರ್ ದಪ್ಪದ ತಗಡು ಸಾಕು.

ಮುಚ್ಚಳದ ಹಿಂದಿನ ಕೀಲನ್ನು ಮರೆಯಬೇಡಿ. ಮುಂದೆ ಇಷ್ಟೆಲ್ಲ ಮಾಡಿ, ಹಿಂದೆ ಕೀಲಿನ ಕಡ್ಡಿ ಹೊರಗೆ ಇದ್ದರೆ ಸುಮ್ನೆ ದಂಡ. ಕೀಲು ಒಳಗೆ ಬರುವ ಹಾಗೆ ಮಾಡಿಸಿ, ಇಲ್ಲವೇ ಕಡ್ಡಿಯ ಎರಡೂ ತುದಿಗೆ ಒಂದೊಂದು ಚುಕ್ಕೆ ವೆಲ್ಡಿಂಗ್ ಇಡಿಸಿ.

ಕೆಲಸ ಮನೆಯಲ್ಲೇ ಮಾಡಿಕೊಳ್ಳುವವರಿಗೆ ಎರಡು ಮಾತು. ಜಿಐ ಪೈಪು ಅಥವಾ ಸತು ಹಚ್ಚಿದ ತಗಡಿಗೆ ಹಾಗೇ ವೆಲ್ಡಿಂಗ್ ಮಾಡಬೇಡಿ. ಸತು ಸುಟ್ಟು ಬಿಳಿ ಹೊಗೆ ಬರುತ್ತದೆ, ಅದನ್ನು ಕುಡಿದರೆ ರಾತ್ರಿಗೆ ಚಳಿ ಜ್ವರ ಹಿಡಿಯುತ್ತದೆ. ಬೆಸೆಯುವ ಜಾಗದಲ್ಲಿ ಲೇಪ ಉಜ್ಜಿ ತೆಗೆದು, ಗಾಳಿಯಾಡುವ ಕಡೆ ಮಾಡಿ. ಗ್ರೈಂಡರ್ ಹಿಡಿಯುವಾಗ ಕಣ್ಣಿಗೆ ಕನ್ನಡಕ ಇರಲೇಬೇಕು. ಕೊಟ್ಟಿಗೆ ಪಕ್ಕ ದರಕಿನ (ಒಣ ಎಲೆಯ) ರಾಶಿ, ಅಡಿಕೆ ಸಿಪ್ಪೆ ಇರುವ ಕಡೆ ಗ್ರೈಂಡರ್ ಬೇಡವೇ ಬೇಡ. ಕಿಡಿ ಎಲ್ಲಿ ಕೂತಿತು ಅಂತ ಗೊತ್ತಾಗುವುದಿಲ್ಲ.

ಎಲ್ಲ ಮುಗಿದ ಮೇಲೆ ರೆಡ್ ಆಕ್ಸೈಡ್ ಒಂದು ಕೈ, ಅದರ ಮೇಲೆ ಬಣ್ಣ ಎರಡು ಕೈ. ಬೀಗಕ್ಕೆ ಮಾತ್ರ ಬಣ್ಣ ತಾಗಿಸಬೇಡಿ.

ಪೆಟ್ಟಿಗೆಯನ್ನೇ ಹೊತ್ತರೆ?

ಹೊರುತ್ತಾರೆ. ಇಬ್ಬರು ಇದ್ದರೆ ಗೂಡ್ಸ್ ಆಟೋಗೆ ಹಾಕಿಕೊಂಡು ಹೋಗಿ ಮನೆಯಲ್ಲಿ ನಿಧಾನವಾಗಿ ಒಡೆಯಬಹುದು. ಆದ್ದರಿಂದ ಪೆಟ್ಟಿಗೆಯನ್ನು ನೆಲಕ್ಕೋ ಗೋಡೆಗೋ ಕಟ್ಟಬೇಕು.

ನಮ್ಮ ಕಡೆಯ ಗೋಡೆಗಳಲ್ಲಿ ಒಂದು ವಿಶೇಷ ಇದೆ. ಮಲೆನಾಡಿನ ಶಾಲೆ, ಸಂಘದ ಕಟ್ಟಡಗಳಲ್ಲಿ ಬಹಳಷ್ಟು ಜಂಬಿಟ್ಟಿಗೆ ಕಲ್ಲಿನವು. ಅಂಗಡಿಯವರು ಕೊಡುವ ಆಂಕರ್ ಬೋಲ್ಟು ತೂತಿನೊಳಗೆ ಹಿಗ್ಗಿ ಹಿಡಿದುಕೊಳ್ಳುವ ಜಾತಿಯದ್ದು. ಕಾಂಕ್ರೀಟಿನಲ್ಲಿ ಅದು ಚೆನ್ನಾಗಿ ಹಿಡಿಯುತ್ತದೆ. ಜಂಬಿಟ್ಟಿಗೆ ಮೆತ್ತಗೆ, ಮೈಯೆಲ್ಲ ತೂತು. ಬೋಲ್ಟು ಹಿಗ್ಗಿದಾಗ ಕಲ್ಲೇ ಪುಡಿಯಾಗುತ್ತದೆ. ಬಿಗಿ ಮಾಡಿದ ದಿನ ಗಟ್ಟಿ ಅನಿಸುತ್ತದೆ, ಹಾರೆ ಕೊಟ್ಟರೆ ಹಿಡಿ ಮಣ್ಣಿನ ಜೊತೆ ಕಿತ್ತು ಬರುತ್ತದೆ.

ಜಂಬಿಟ್ಟಿಗೆ ಗೋಡೆಗೆ ಎರಡು ದಾರಿ. ಗೋಡೆಯನ್ನು ಪೂರ್ತಿ ಕೊರೆದು ಉದ್ದ ಬೋಲ್ಟು ಹಾಯಿಸಿ, ಆಚೆ ಬದಿಗೆ ಅಂಗೈ ಅಗಲದ ಕಬ್ಬಿಣದ ಹಲಗೆ ಕೊಟ್ಟು ಗುಂಡು ತಲೆ ಅಲ್ಲಿ ಇರಲಿ, ನಟ್ಟು ಪೆಟ್ಟಿಗೆಯ ಒಳಗೆ ಬರಲಿ. ಗೋಡೆಯ ತೂತಿನಿಂದ ಮಳೆ ನೀರು ಒಳಗೆ ಬರದ ಹಾಗೆ ಸಿಮೆಂಟು ತುಂಬಿಸಿ. ಇದಕ್ಕಿಂತ ನನಗೆ ಇಷ್ಟ ನೆಲದ ಕೆಲಸ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೆಗೆದು, ಹನ್ನೆರಡು ಮಿಲಿಮೀಟರ್ ಸರಳನ್ನು ಕುಣಿಕೆಯ ಹಾಗೆ ಬಗ್ಗಿಸಿ, ಅದರ ಎರಡು ಕಾಲಿನ ತುದಿಯನ್ನು ಹೊರಕ್ಕೆ ಮಡಚಿ ನಿಲ್ಲಿಸಿ ಕಾಂಕ್ರೀಟು ತುಂಬಿ. ಒಂದು ಪಾಲು ಸಿಮೆಂಟಿಗೆ ಎರಡು ಮರಳು, ನಾಲ್ಕು ಜಲ್ಲಿ. ಒಂದು ವಾರ ನೀರು ಹಾಕಿ ಒದ್ದೆ ಇಡಿ, ಆಮೇಲೆ ಚೈನು ಕಟ್ಟಿ. ಕುಣಿಕೆ ನೆಲದಿಂದ ಮೇಲೆ ಎದ್ದು ನಿಂತರೆ ಯಾರಾದರೂ ಎಡವುತ್ತಾರೆ. ಸುತ್ತ ಸ್ವಲ್ಪ ತಗ್ಗು ಮಾಡಿ ಅದರೊಳಗೆ ಮಲಗಿರುವ ಹಾಗೆ ಬಿಡಿ.

ಶಾಲೆಯ ಜಾಗ ಆದರೆ ಮೊದಲು ಹೆಡ್ ಮಾಸ್ಟರನ್ನೂ ಎಸ್‌ಡಿಎಂಸಿಯವರನ್ನೂ (ಶಾಲೆಯ ಅಭಿವೃದ್ಧಿ ಸಮಿತಿ) ಕೇಳಿ. ಹಾರೆ ತೆಗೆದುಕೊಂಡು ಹೋದ ಮೇಲೆ ಕೇಳುವ ವಿಷಯ ಅಲ್ಲ ಇದು.

ಪೆಟ್ಟಿಗೆಗೆ ಹಿಡಿಯದವು

ಸೈಕಲ್ಲು, ಜಿಮ್ಮಿನ ತೂಕದ ಬಿಲ್ಲೆಗಳು, ಅಂಗಳದಲ್ಲಿ ಇಡುವ ಬೆಂಚು ಇಂಥವಕ್ಕೆ ಚೈನು ಅಥವಾ ಉಕ್ಕಿನ ಹಗ್ಗ ಬೇಕಾಗುತ್ತದೆ. ನಾಯಿಗೆ ಕಟ್ಟುವ ಚೈನು ಲೆಕ್ಕಕ್ಕಿಲ್ಲ. ಸೈಕಲ್ಲಿಗಾದರೆ ಚೈನು ಫ್ರೇಮು ಮತ್ತು ಹಿಂದಿನ ಚಕ್ರ ಎರಡನ್ನೂ ಸುತ್ತಿ ಕಂಬಕ್ಕೆ ಬರಬೇಕು. ಮುಂದಿನ ಚಕ್ರಕ್ಕೆ ಮಾತ್ರ ಹಾಕಿ ಬಂದರೆ ಸಂಜೆ ಆ ಚಕ್ರ ಒಂದೇ ಉಳಿದಿರಬಹುದು. ನೆಹರು ಕ್ರೀಡಾಂಗಣಕ್ಕೆ ಓಡಲು ಹೋಗುವವರು ಇಷ್ಟು ಮಾಡಿದರೂ ಸಾಕು. ಚೈನು ಆದಷ್ಟು ಮೇಲೆ ಇರಲಿ. ನೆಲಕ್ಕೆ ಬಿದ್ದಿದ್ದರೆ ಕಟ್ಟರಿನ ಒಂದು ಹಿಡಿಯನ್ನು ನೆಲಕ್ಕೆ ಊರಿ ಮೈಭಾರ ಹಾಕಲು ಅನುಕೂಲ ಆಗುತ್ತದೆ. ಹಳೆಯ ಸೈಕಲ್ ಟ್ಯೂಬನ್ನು ಚೈನಿನ ಮೇಲೆ ತೂರಿಸಿದರೆ ಬಣ್ಣ ಗೀಚುವುದಿಲ್ಲ, ಸದ್ದೂ ಇಲ್ಲ.

ಉಕ್ಕಿನ ಹಗ್ಗ ಆರು ಮಿಲಿಮೀಟರಿನದ್ದು ತನ್ನಿ. ಎರಡೂ ತುದಿಯಲ್ಲಿ ಬೀಗ ತೂರುವಷ್ಟು ಕಣ್ಣು ಮಾಡಬೇಕು. ಅಲ್ಯೂಮಿನಿಯಂ ತೋಳು ಹಾಕಿ ಮಿಷನ್ನಿನಲ್ಲಿ ಒತ್ತಿಸಿದರೆ ಒಳ್ಳೆಯದು. ಆ ಸೌಕರ್ಯ ಇಲ್ಲದಿದ್ದರೆ ಯು ಕ್ಲಾಂಪು, ಒಂದು ತುದಿಗೆ ಎರಡಾದರೂ. ಕ್ಲಾಂಪಿಗೆ ಎರಡು ಭಾಗ ಇರುತ್ತದೆ. ಹಗ್ಗ ಕೂರಲು ತಗ್ಗು ಇರುವ ಅಗಲ ಭಾಗ ಉದ್ದ ಹಗ್ಗದ ಮೇಲೆ ಕೂರಬೇಕು, ಬಾಗಿದ ಬೋಲ್ಟು ಮಡಚಿದ ಗಿಡ್ಡ ತುದಿಯ ಮೇಲೆ ಬರಬೇಕು. ತಿರುವುಮುರುವಾದರೆ ಭಾರ ಬೀಳುವ ಹಗ್ಗವನ್ನೇ ಬೋಲ್ಟು ಕಚ್ಚಿ ಹಾಳು ಮಾಡುತ್ತದೆ. ಬಿಗಿ ಮಾಡಿದ ಮೇಲೆ ನಟ್ಟಿನಿಂದ ಹೊರಗೆ ಉಳಿದ ಬೋಲ್ಟಿನ ತಿರುಪಿನ ಗೆರೆಗಳನ್ನು ಸುತ್ತಿಗೆಯಿಂದ ಚಚ್ಚಿ ಕೆಡಿಸಿಬಿಡಿ. ಸ್ಪ್ಯಾನರ್ ಹಿಡಿದು ಬಂದವನಿಗೆ ನಟ್ಟು ಬಿಚ್ಚಲು ಬರಬಾರದು.

ಹೆಲ್ಮೆಟ್ಟಿನ ಮುಂದಿನ ಜಾಲರಿಗೆ, ತೂಕದ ಬಿಲ್ಲೆಗಳ ನಡುವಿನ ತೂತಿಗೆ ಈ ಹಗ್ಗ ಹಾಯಿಸಬಹುದು. ಬ್ಯಾಟಿಗೆ ತೂತು ಹೊಡೆಯಬೇಡಿ, ಕೇಳಿದವರಿದ್ದಾರೆ ಅಂತ ಹೇಳುತ್ತಿದ್ದೇನೆ. ಕಿಟ್ ಬ್ಯಾಗಿನ ಎರಡು ಜಿಪ್ಪು ಸೇರಿಸಿ ಸಣ್ಣ ಬೀಗ ಹಾಕುವುದು ಚಿಕ್ಕ ಹುಡುಗರನ್ನು ದೂರ ಇಡಲು ಸಾಕು, ಅದಕ್ಕಿಂತ ಜಾಸ್ತಿ ನಂಬಬೇಡಿ.

ವಾಲಿಬಾಲ್ ಕಂಬಗಳ ವಿಷಯದಲ್ಲಿ ಕಂಬಕ್ಕಿಂತ ಬೇಗ ಮಾಯವಾಗುವುದು ನೆಟ್ಟಿನ ತಂತಿ ಎಳೆಯುವ ಹಿಡಿಕೆ. ಅದು ಬಿಚ್ಚುವ ತರಹದ್ದಾಗಿದ್ದರೆ ನೆಟ್ಟಿನ ಜೊತೆ ಮನೆಗೆ ಒಯ್ಯಿರಿ. ಕಂಬ ನೆಲದ ಕೊಳವೆಯಲ್ಲಿ ನಿಲ್ಲುವಂಥದ್ದಾದರೆ, ಅಂಕಣದ ಆಚೆ ಬದಿಗೆ ಕಂಬಕ್ಕೊಂದು ಕೊಳವೆಗೊಂದು ಕಿವಿ ಬೆಸೆದು ಬೀಗ ಹಾಕಬಹುದು. ಆಟದ ಹೊತ್ತಿಗೆ ಬೀಗ ತೆಗೆದು, ಕಿವಿಗೆ ಹಳೇ ಟ್ಯೂಬು ಸುತ್ತಿ. ಮಳೆಗಾಲಕ್ಕೆ ಕಂಬ ಕಿತ್ತರೆ ಕೊಳವೆಗೆ ಮುಚ್ಚಳ ಹಾಕಿ. ದನದ ಕಾಲು ಸಿಕ್ಕಿಕೊಂಡರೆ ಕಷ್ಟ.

ಮಳೆಗಾಲ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಶಿವಮೊಗ್ಗ ನಗರಕ್ಕೆ ಅದರ ಒಂದು ಚೂರು ಬಂದರೆ ಹೆಚ್ಚು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ತೇವ ಇರುವುದರಿಂದ ಜಿಲ್ಲೆಯ ಯಾವ ಮೂಲೆಯಲ್ಲೂ ಬೀಗಕ್ಕೆ ನೆಮ್ಮದಿ ಇಲ್ಲ. ಹಿತ್ತಾಳೆ ಬೀಗಕ್ಕೆ ತುಕ್ಕು ಹಿಡಿಯುವುದಿಲ್ಲ ಅನ್ನುತ್ತಾರೆ. ಹಿತ್ತಾಳೆ ಮೈಗೆ ಹಿಡಿಯುವುದಿಲ್ಲ, ಸರಿ. ಕೊಂಡಿಗೆ ಹಿಡಿಯುತ್ತದೆ, ಒಳಗಿನ ಉಕ್ಕಿನ ಸ್ಪ್ರಿಂಗಿಗೂ ಹಿಡಿಯುತ್ತದೆ. ಆದರೂ ಪೂರ್ತಿ ಕಬ್ಬಿಣದ ಬೀಗಕ್ಕಿಂತ ಹಿತ್ತಾಳೆಯದ್ದೇ ನಮ್ಮ ಕಡೆಗೆ ಸರಿ.

ಬೀಗ ಬಿಗಿಯಾಯಿತು ಅಂದ ತಕ್ಷಣ ನಮ್ಮವರು ಅಡುಗೆ ಮನೆಯಿಂದ ಕೊಬ್ಬರಿ ಎಣ್ಣೆ ತಂದು ಸುರಿಯುತ್ತಾರೆ. ಅವತ್ತಿಗೆ ಬೀಗ ಸಲೀಸಾಗಿ ತಿರುಗುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಮಾಗಿಯ ಚಳಿಯಲ್ಲಿ ಬಾಟಲಿ ನೋಡಿದರೆ ಗೊತ್ತಲ್ಲ. ಬೀಗದ ಒಳಗೂ ಅದೇ ಆಗುತ್ತದೆ. ಮೇಲಿಂದ ಧೂಳು ಸೇರಿ ಅಂಟು ಅಂಟಾಗುತ್ತದೆ. ಹೊಲಿಗೆ ಮಿಷನ್ನಿನ ತೆಳು ಎಣ್ಣೆ ತನ್ನಿ. ಕೊಂಡಿಯ ಎರಡು ಕಾಲು ಒಳಗೆ ಹೋಗುವ ತೂತಿಗೆ ಎರಡೆರಡು ಹನಿ, ಕೀ ತೂತಿಗೆ ಒಂದು ಹನಿ, ಬೀಗ ನಾಲ್ಕು ಸಲ ತೆರೆದು ಹಾಕಿ, ಹೊರಗೆ ಬಂದಿದ್ದನ್ನು ಬಟ್ಟೆಯಲ್ಲಿ ಒರೆಸಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಇಷ್ಟು ಮಾಡಿ. ಬೇಸಿಗೆಯ ಧೂಳಿಗೆ ಎಣ್ಣೆಗಿಂತ ಗ್ರಾಫೈಟ್ ಪುಡಿ ಒಳ್ಳೆಯದು, ಮೆತ್ತನೆ ಪೆನ್ಸಿಲ್ಲಿನ ಸೀಸ ಪುಡಿ ಮಾಡಿದರೂ ನಡೆಯುತ್ತದೆ. ಎರಡನ್ನೂ ಒಟ್ಟಿಗೆ ಹಾಕಬೇಡಿ, ಕಪ್ಪು ಕೆಸರಾಗುತ್ತದೆ.

ಗೂಡು ಇಲ್ಲದ ಬೀಗಕ್ಕೆ ಹಳೆಯ ಲಾರಿ ಟ್ಯೂಬಿನ ಒಂದು ತುಂಡು ಸಾಕು. ಬೀಗಕ್ಕಿಂತ ಎಲ್ಲ ಕಡೆ ಎರಡು ಬೆರಳು ಜಾಸ್ತಿ ಇರುವ ಹಾಗೆ ಕತ್ತರಿಸಿ, ಮೇಲಿನ ಅಂಚನ್ನು ಮಾತ್ರ ಬಾಗಿಲಿಗೆ ಹೊಡೆದು ಪರದೆಯಂತೆ ಇಳಿಬಿಡಿ. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಬೀಗ ಸುತ್ತಿ ದಾರ ಕಟ್ಟುವುದು ಬೇಡ. ಒಳಗೆ ಬೆವರಿ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಬೀಗ ಯಾವಾಗಲೂ ಕೀ ತೂತು ಕೆಳಗೆ ಬರುವ ಹಾಗೆ ನೇತಾಡಲಿ, ಅಡ್ಡ ಮಲಗಿಸಬೇಡಿ. ಬೇಸಿಗೆ ರಜೆಯಲ್ಲಿ ತಿಂಗಳುಗಟ್ಟಲೆ ಮುಟ್ಟದ ಬೀಗದ ತೂತಿಗೆ ಕುಂಬಾರ ಹುಳ ಮಣ್ಣು ಮೆತ್ತಿರುತ್ತದೆ. ಕೀ ಒತ್ತಿ ತುರುಕಿದರೆ ಮಣ್ಣು ಇನ್ನೂ ಒಳಗೆ ಹೋಗುತ್ತದೆ. ಸೂಜಿಯಿಂದ ಕೆರೆದು, ಬೀಗ ಬೋರಲು ಮಾಡಿ ತಟ್ಟಿ ಉದುರಿಸಿ.

ಪೆಟ್ಟಿಗೆಯ ಒಳಗಿನ ಮಾತೂ ಹೇಳಬೇಕು. ಕಳ್ಳನಿಗೆ ಭದ್ರವಾದ ಪೆಟ್ಟಿಗೆ ಬೂಷ್ಟಿಗೂ ಭದ್ರ. ಒದ್ದೆ ಪ್ಯಾಡು, ಗ್ಲೌಸು ಹಾಕಿ ಬೀಗ ಜಡಿದರೆ ವಾರದಲ್ಲಿ ಬಿಳಿ ಬೂಷ್ಟು ಹಿಡಿದು, ಮುಚ್ಚಳ ತೆಗೆದಾಗ ಮೂಗು ಮುಚ್ಚಿಕೊಳ್ಳಬೇಕು. ಪೆಟ್ಟಿಗೆ ಮಾಡಿಸುವಾಗಲೇ ಎರಡು ಪಕ್ಕದಲ್ಲಿ, ಮೇಲಿನ ಅಂಚಿನ ಕೆಳಗೆ, ಸಣ್ಣ ತೂತುಗಳನ್ನು ಹಾಕಿಸಿ ಒಳಗಿಂದ ಜಾಲರಿ ಕೊಡಿಸಿ. ತಳ ನೆಲಕ್ಕೆ ತಾಗದ ಹಾಗೆ ಎರಡು ಇಂಚು ಕಾಲು ಇರಲಿ. ಒದ್ದೆ ಸಾಮಾನು ಆ ರಾತ್ರಿ ಯಾರದಾದರೂ ಮನೆಯ ಅಡಿಕೆ ಒಲೆಯ ಹತ್ತಿರ ಆರಲಿ, ಬೀಗ ಮಾರನೇ ದಿನ.

ಕೀ ಯಾರ ಹತ್ತಿರ?

ಎರಡು ಕೀ ಸಾಕು. ಒಂದು ಮೈದಾನಕ್ಕೆ ಹತ್ತಿರದ ಮನೆಯಲ್ಲಿ, ಇನ್ನೊಂದು ನಾಯಕನ ಹತ್ತಿರ. ಕೀ ಗೊಂಚಲಿಗೆ ತಂಡದ ಹೆಸರು ಬರೆದ ಚೀಟಿ ಕಟ್ಟಬೇಡಿ, ಬಣ್ಣದ ಒಂದು ಚುಕ್ಕೆ ಇಟ್ಟರೆ ನಿಮಗೆ ಗೊತ್ತಾಗುತ್ತದೆ. ಪ್ರಥಮ ಚಿಕಿತ್ಸೆಯ ಡಬ್ಬವನ್ನು ಈ ಪೆಟ್ಟಿಗೆಯೊಳಗೆ ಇಡಬೇಡಿ. ಚೆಂಡು ಮುಖಕ್ಕೆ ಬಡಿದಾಗ ಕೀ ಹುಡುಕುತ್ತಾ ನಿಲ್ಲುವ ಹಾಗಾಗಬಾರದು.

ಬೀಗ ಎಷ್ಟೇ ಗಟ್ಟಿ ಇದ್ದರೂ ಬ್ಯಾಟರಿ ಗ್ರೈಂಡರ್ ತಂದವನ ಮುಂದೆ ನಿಲ್ಲುವುದಿಲ್ಲ. ಅವನಿಗೆ ಸಮಯ ಹಿಡಿಸುವುದು, ಸದ್ದು ಮಾಡಿಸುವುದು ಇಷ್ಟೇ ನಮ್ಮ ಕೈಲಿರುವುದು. ಅದಕ್ಕೇ ಸಾಮಾನಿನ ಫೋಟೋ, ಬಿಲ್ಲು, ಸೈಕಲ್ಲಾದರೆ ಪೆಡಲ್ಲಿನ ಹತ್ತಿರ ತಳದಲ್ಲಿ ಹೊಡೆದಿರುವ ಫ್ರೇಮ್ ನಂಬರು, ಇಷ್ಟನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಬ್ಯಾಟಿನ ಹಿಡಿಯ ರಬ್ಬರ್ ಕೆಳಗೆ ತಂಡದ ಗುರುತು ಬರೆದಿಡಿ. ಹೋದರೆ ತಡ ಮಾಡದೆ 112ಕ್ಕೆ ಫೋನ್ ಮಾಡಿ, ಠಾಣೆಗೆ ಹೋಗಿ ದೂರು ಬರೆದುಕೊಡಿ. ಒಡೆದ ಬೀಗ, ಪಟ್ಟಿ ಅವರು ನೋಡುವವರೆಗೆ ಮುಟ್ಟಬೇಡಿ.

ತಂಡದಿಂದ ಯಾರಾದರೂ ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋದರೆ ಅವರ ಹತ್ತಿರದ ಕೀ ಕೇಳಿ ಇಸಿದುಕೊಳ್ಳಿ. ಎಲ್ಲೋ ಕಳೆಯಿತು ಅಂದರೆ ಅದನ್ನು ನಂಬಿ, ಆದರೆ ಬೀಗ ಬದಲಾಯಿಸಿ. ಹಳೆಯ ಬೀಗ ವಾಲಿಬಾಲ್ ಕಂಬಕ್ಕೆ ಆಗುತ್ತದೆ.